ಡಿಸ್ಕ್ ಹಳದಿ ತೋರಿಸುತ್ತಿದ್ದರೆ ರಿಪೇರಿಗೆ ಕೈ ಹಾಕಬೇಡಿ

‘ಸ್ಲೋ ಆಗಿದೆ’ ಎಂದು ಅಂಗಡಿಗೆ ಬರುವ ಕಂಪ್ಯೂಟರುಗಳಲ್ಲಿ ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್, ಬೂಸ್ಟರ್ ಎಲ್ಲವೂ ಮೊದಲೇ ತುಂಬಿರುತ್ತವೆ. ತೆಗೆದುಹಾಕಿ. ರಿಜಿಸ್ಟ್ರಿ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ವಿಂಡೋಸ್ ಜೊತೆ ಏನೇನು ಶುರುವಾಗುತ್ತಿದೆ ಎಂದು ನೋಡಲು ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ ಪುಕ್ಕಟೆ ಸಿಗುತ್ತದೆ. 2006ರಿಂದ ಅದು ಮೈಕ್ರೋಸಾಫ್ಟಿನದೇ. ಬೇಡದ್ದರ ಟಿಕ್ ತೆಗೆಯಿರಿ, ಡಿಲೀಟ್ ಒತ್ತಬೇಡಿ. ಎಡವಟ್ಟಾದರೆ ಟಿಕ್ ಮತ್ತೆ ಹಾಕಿದರಾಯಿತು.

ನನ್ನ ತಲೆ ಕೆಡಿಸುವುದು ಬೇರೆಯೇ: ಸಾಯುತ್ತಿರುವ ಹಾರ್ಡ್‌ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ಸರಿಪಡಿಸಲೆಂದು ವಿಂಡೋಸಿನಲ್ಲೇ ಇರುವ ಸಾಧನ) ಓಡಿಸುವುದು.

ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ನೋಡಿ. (ಅದರ ಒಂದು ಆವೃತ್ತಿಯಲ್ಲಿ ಜಪಾನಿ ಕಾರ್ಟೂನ್ ಹುಡುಗಿ ಕಾಣಿಸುತ್ತಾಳೆ. ವೈರಸ್ ಅಲ್ಲ, ಗಾಬರಿ ಬೇಡ.) ಅದು ಏನನ್ನೂ ರಿಪೇರಿ ಮಾಡುವುದಿಲ್ಲ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡ ‘ಸ್ಮಾರ್ಟ್’ (S.M.A.R.T.) ಎಂಬ ಲೆಕ್ಕವನ್ನು ಓದಿ ಹೇಳುತ್ತದೆ, ಅಷ್ಟೆ. ಅದು ತೋರಿಸುವ ಬಣ್ಣ ನೀಲಿ ಇದ್ದರೆ ಸದ್ಯಕ್ಕೆ ಪರವಾಗಿಲ್ಲ. ಗ್ಯಾರಂಟಿ ಅಂತೂ ಅಲ್ಲ. ಹಳದಿ ಇದ್ದರೆ ಸಿ5 ಎಂಬ ಸಾಲು ನೋಡಿ. ಡಿಸ್ಕಿಗೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ಖಾನೆಗಳು, ಎಷ್ಟು ಎಂದು ಅಲ್ಲಿರುತ್ತದೆ. ಸಂಖ್ಯೆ ಮಾಮೂಲಾಗಿ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ಇರುತ್ತದೆ: ಕೊನೆಯಲ್ಲಿ 10 ಎಂದಿದ್ದರೆ ಹದಿನಾರು.

ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಮೊದಲು ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ, ಆಮೇಲೆ ಮಿಕ್ಕಿದ್ದು. ಇದನ್ನು ಎಷ್ಟು ಸಲ ಹೇಳಿದರೂ ಜನರ ಕಿವಿಗೆ ಬೀಳುವುದಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಇತಿಹಾಸವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಮೊಮ್ಮಗ ವಿಡಿಯೋ ನೋಡಿ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ (chkdsk /r) ಎಂಬ ಆಜ್ಞೆ ಹಾಕಿ ಮಲಗಿದ್ದಾನೆ. ‘ಏನಪ್ಪಾ, ರಿಪೇರಿ ಅಂತಾನೇ ಬರೆದಿತ್ತಲ್ಲ?’ ಎಂದರು. ‘ಬರೆದಿರುತ್ತೆ ಮೇಷ್ಟ್ರೇ. ಆದರೆ ಅದು ರಿಪೇರಿ ಮಾಡೋದು ಯಾವ ಫೈಲ್ ಎಲ್ಲಿದೆ ಅನ್ನೋ ಫೈಲ್ ಸಿಸ್ಟಮ್ಮಿನ ಲೆಕ್ಕವನ್ನ, ನಿಮ್ಮ ಬರಹವನ್ನಲ್ಲ.’ ಜಮಾಬಂದಿ ತಾಳೆಯಾಗಲೆಂದು ಹೊಂದದ ಪುಟವನ್ನೇ ಕಿತ್ತಿಟ್ಟ ಗುಮಾಸ್ತನ ಕೆಲಸ ಅದು. ಕಿತ್ತದ್ದು ಫೌಂಡ್.000 ಫೋಲ್ಡರಿನಲ್ಲಿ ಹೆಸರು ಕಳೆದುಕೊಂಡ ತುಣುಕುಗಳಾಗಿ ಬಿದ್ದಿರುತ್ತದೆ. ಅದೂ ಅದೃಷ್ಟವಿದ್ದರೆ. ಸ್ಲ್ಯಾಶ್ ಆರ್ ಎಂದರೆ ಡಿಸ್ಕಿನ ಪ್ರತಿ ಸೆಕ್ಟರನ್ನೂ ಓದು ಎಂದು ಅರ್ಥ. ಮೊದಲೇ ಸೋತ ಡಿಸ್ಕಿಗೆ ರಾತ್ರಿಯಿಡೀ ಅದೇ ಶಿಕ್ಷೆ. ಮೇಷ್ಟ್ರ ಬರಹ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ಮಿಕ್ಕಿದ್ದನ್ನು ಈಗ ಮೊಮ್ಮಗನ ಕೈಯಲ್ಲೇ ಮತ್ತೆ ಟೈಪ್ ಮಾಡಿಸುತ್ತಿದ್ದಾರೆ.

ಕಾಪಿ ನಡುವೆ ನಿಂತುಹೋದರೆ ಹಟ ಬೇಡ. ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿ, ಕೆಟ್ಟ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಓಡಿಸಬಹುದು. ಸಲೀಸಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಕೈ ಹಾಕುತ್ತದೆ. ಅದೂ ಪುಕ್ಕಟೆಯೇ. ಆದರೆ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಇದ್ದದ್ದೂ ಹೋಗುತ್ತದೆ, ಗೊತ್ತಿದ್ದವರಿಂದಲೇ ಮಾಡಿಸಿ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಕರೆಂಟ್ ತೆಗೆಯಿರಿ. ಆ ಸದ್ದಿಗೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ, ಡೇಟಾ ರಿಕವರಿ ಲ್ಯಾಬೇ ಗತಿ.

ಫೈಲುಗಳು ಬೇರೆ ಡಿಸ್ಕಿಗೆ ಬಂದು, ಅಲ್ಲಿ ತೆರೆದು ನೋಡಿದ ಮೇಲೆ ಹಳೆಯದರ ಮೇಲೆ ಚೆಕ್‌ಡಿಸ್ಕನ್ನು ಬೇಕಾದಷ್ಟು ಸಲ ಓಡಿಸಿಕೊಳ್ಳಿ. ನನ್ನದೇನೂ ತಕರಾರಿಲ್ಲ.