ಸಿಂಗಾಪುರದ ಪೊಟ್ಟಣ ಮತ್ತು ಲಕ್ವದ ನಂತರದ ಸುಸ್ತು

ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಹರಡಿದಾಗ ನನ್ನ ಕೋಣೆಯಲ್ಲೆಲ್ಲ ಗ್ರಂಧಿಗೆ ಅಂಗಡಿಯ ವಾಸನೆ. ತೆಳ್ಳಗೆ ಕೊಯ್ದ ಹಳದಿ ಬೇರಿನ ಬಿಲ್ಲೆಗಳು, ಕಂದು ಚೂರುಗಳು, ಒಣಗಿಸಿದ ಎರೆಹುಳುವಿನ ಸೀಳು, ನಡುನಡುವೆ ಕೆಂಪು ಎಸಳು. ರೋಗಿಯ ಹೆಂಡತಿ ಒಂದೆಸಳು ಎತ್ತಿಕೊಂಡು, "ಡಾಕ್ಟ್ರೇ, ಇದು ನಮ್ಮ ಕುಸುಬಿ ಹೂವಲ್ಲೇನ್ರೀ?" ಅಂದರು. ಗದಗ ಕಡೆಯ ಎರೆಹೊಲದಲ್ಲಿ ಬೆಳೆದವರು, ಅವರ ಗುರುತು ತಪ್ಪಲಿಲ್ಲ. ಕುಸುಬೆಯೇ ಅದು.

ಅವರ ಯಜಮಾನರು ನಿವೃತ್ತ ಮೇಷ್ಟ್ರು. ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಕೈಕಾಲು ಚೆನ್ನಾಗಿಯೇ ತಿರುಗಿದ್ದವು, ಮಾತೂ ಸ್ಪಷ್ಟ. ಆದರೆ ಬೆಳಿಗ್ಗೆ ಸ್ನಾನ ಮುಗಿಸಿ ಪಂಚೆ ಉಟ್ಟರೆ ಸಾಕು, ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. "ಕೈಕಾಲು ಚಲೋ ಆಗ್ಯಾವ್ರೀ, ಈಗ ಬರೇ ಮೈಗಳ್ಳತನ" ಎಂದು ಹೆಂಡತಿ ಹೇಳಿದಾಗ ಮೇಷ್ಟ್ರು ತಲೆ ತಗ್ಗಿಸಿದರು. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರನ್ನು ಈ ಸುಸ್ತು ಕಾಡುತ್ತದೆ. ಸಣ್ಣ ಲಕ್ವವಾದವರಿಗೂ ಬರುತ್ತದೆ, ನಿದ್ದೆ ಮಾಡಿದರೂ ಹೋಗುವುದಿಲ್ಲ. ಇದು ಕಾಯಿಲೆಯದೇ ಭಾಗ, ಸೋಮಾರಿತನವಲ್ಲ.

ಸಿಂಗಾಪುರದಲ್ಲಿರುವ ಮಗ ಅಪ್ಪನ ಸಂಕಟ ನೋಡಲಾರದೆ ಅಲ್ಲಿನ ಚೀನೀ ಔಷಧದಂಗಡಿಯಿಂದ ತಂದಿದ್ದ ಕಷಾಯದ ಸಾಮಾನು ಅದು. ಜೊತೆಗಿದ್ದ ಚೀಟಿಯಲ್ಲಿ ಬುಯಾಂಗ್ ಹುವಾನ್‌ವು ಎಂಬ ಹೆಸರು. 1830ರಲ್ಲಿ ವಾಂಗ್ ಚಿಂಗ್‌ರೆನ್ ಎಂಬ ವೈದ್ಯ ತನ್ನ ಗ್ರಂಥದಲ್ಲಿ ಕೊಟ್ಟ ಯೋಗವಿದು, ಅಂದರೆ ಹಲವು ದ್ರವ್ಯ ಬೆರೆಸಿದ ಔಷಧ. ಹಳೆಯ ಪುಸ್ತಕಗಳಲ್ಲಿನ ಅಂಗರಚನೆ ತಪ್ಪೆನಿಸಿ, ಶವಗಳನ್ನು ಕಣ್ಣಾರೆ ನೋಡಿ ತಿದ್ದಲು ಹೊರಟ ಮನುಷ್ಯ. ಆ ಹಟಕ್ಕೆ ನಾನು ಕೈ ಮುಗಿಯುತ್ತೇನೆ. ಮೈಯಲ್ಲಿ ಹತ್ತು ಪಾಲು ಚೈತನ್ಯವಿದೆ, ಐದು ಪಾಲು ಸೋರಿಹೋದರೆ ಅರ್ಧ ಮೈ ಬೀಳುತ್ತದೆ, ಆ ಐದನ್ನು ಮರಳಿ ತುಂಬಬೇಕು ಎಂಬುದು ಅವನ ವಾದ. ಯೋಗದ ಹೆಸರಿನ ಅರ್ಥವೂ ಅದೇ. ಏಳು ದ್ರವ್ಯಗಳಲ್ಲಿ ಹುವಾಂಗ್‌ಚಿ ಎಂಬ ಹಳದಿ ಬೇರೊಂದೇ ಇಂದಿನ ಲೆಕ್ಕದಲ್ಲಿ ಸುಮಾರು 120 ಗ್ರಾಂ. ಉಳಿದ ಆರೂ ಸೇರಿದರೂ ಅದರ ಐದನೇ ಒಂದು ಪಾಲಾಗುವುದಿಲ್ಲ. ಬಲ ತುಂಬಲು ಆ ಬೇರು, ರಕ್ತ ಹರಿಯಲು ದಾಂಗ್‌ಗುಯ್ ಎಂಬ ಇನ್ನೊಂದು ಬೇರು, ಕುಸುಬೆ, ಪೀಚ್ ಬೀಜದ ತಿರುಳು ಇತ್ಯಾದಿ. ಬಲಗುಂದುವುದನ್ನೇ ಕಾಯಿಲೆಯ ಬುಡವೆಂದು ಹಿಡಿದ ಈ ಆಲೋಚನೆ ಸುಸ್ತಾದವನ ಮಾತಿಗೆ ಕಿವಿಗೊಡುತ್ತದೆ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಕೈಕಾಲಿನ ಶಕ್ತಿ ನೋಡಿ ಚೀಟಿ ಬರೆದು ಕಳಿಸಿಬಿಡುತ್ತೇವೆ, ಸುಸ್ತಿನ ಬಗ್ಗೆ ಕೇಳುವುದೇ ಕಡಿಮೆ.

ಆದರೆ ಕಷಾಯದಿಂದ ಸುಸ್ತು ಇಳಿಯುತ್ತದೆಯೇ? ಸುಸ್ತನ್ನು ಅಳೆಯಲು ರಕ್ತಪರೀಕ್ಷೆ ಇಲ್ಲ. ನಾವು ಬಳಸುವ ಒಂದು ಮಾಪನದಲ್ಲಿ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ, ಕೊಡುವವನು ರೋಗಿಯೇ. ಮಗ ಅಷ್ಟು ದೂರದಿಂದ ತಂದ ಕಹಿ ಕಷಾಯ ಕುಡಿದವನು ಒಂದೆರಡು ಅಂಕ ಕಡಿಮೆ ಹಾಕುವುದು ಸಹಜ. ಅದಕ್ಕೇ ಅದೇ ಬಣ್ಣ, ಅದೇ ರುಚಿಯ ಹುಸಿ ಔಷಧದ ಜೊತೆ ಹೋಲಿಸಿದ ದೊಡ್ಡ ಪ್ರಯೋಗ ಬೇಕು. ಮಿದುಳಿನ ರಕ್ತಸ್ರಾವಕ್ಕೆ ಕೊಡುವ ಇನ್ನೊಂದು ಚೀನೀ ಗಿಡಮೂಲಿಕೆ ಯೋಗವನ್ನು ಚೀನಾದ ವೈದ್ಯರೇ 26 ಆಸ್ಪತ್ರೆಗಳಲ್ಲಿ, 1600ಕ್ಕೂ ಹೆಚ್ಚು ರೋಗಿಗಳಲ್ಲಿ ಹೀಗೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. 90 ದಿನಗಳ ನಂತರ ಎರಡೂ ಗುಂಪಿನ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದು ಸುಸ್ತಿನ ಪ್ರಯೋಗವಲ್ಲ ನಿಜ, ಆದರೆ ಪರೀಕ್ಷೆ ಮಾಡುವ ರೀತಿ ಅದು.

ಮೇಷ್ಟ್ರ ವಿಷಯದಲ್ಲಿ ನಾನು ಬೇಡವೆಂದು ತಡೆದದ್ದಕ್ಕೆ ಕಾರಣ ಬೇರೆ. ಹೃದಯದ ಬಡಿತ ತಾಳ ತಪ್ಪುವ ತೊಂದರೆಯಿಂದ ಅವರಿಗೆ ಲಕ್ವ ಬಂದಿತ್ತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿತ್ತು. ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಅಳತೆಯನ್ನು 2ರಿಂದ 3ರ ನಡುವೆ ನಿಲ್ಲಿಸಲು ನಾವು ಹೆಣಗುತ್ತಿದ್ದೆವು. ದಾಂಗ್‌ಗುಯ್ ಸೇರಿದರೆ ವಾರ್ಫರಿನ್ನಿನ ಜೋರು ಹೆಚ್ಚಿ ರಕ್ತ ಸೋರಬಹುದು, ಅಂಥ ಪ್ರಕರಣಗಳು ದಾಖಲಾಗಿವೆ. ಸುಸ್ತಿಗೆಂದೇ ಹೆಸರಾದ ಬುಝೊಂಗ್ ಯಿಚಿ ಎಂಬ ಇನ್ನೊಂದು ಚೀನೀ ಯೋಗದಲ್ಲಿ ನಮ್ಮ ಜ್ಯೇಷ್ಠಮಧುವಿನ ಜಾತಿಯ ಬೇರಿದೆ. ದಿನವೂ ಹೆಚ್ಚು ಸೇವಿಸಿದರೆ ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಸ್ನಾಯು ಸೋಲುತ್ತದೆ, ಅಂದರೆ ಸುಸ್ತಿಗೆ ಕುಡಿದದ್ದೇ ಸುಸ್ತು ತಂದಂತೆ. ಲಕ್ವವಾದವರಿಗೆ ಬಿಪಿ ಏರುವುದಂತೂ ಕೂಡದೇ ಕೂಡದು.

ಮೊದಲು ಹುಡುಕಬೇಕಾದವು ಬೇರೆಯೇ ಇವೆ: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸೋಡಿಯಂ, ಖಿನ್ನತೆ, ಬಿಪಿ ಮತ್ತು ಫಿಟ್ಸ್ ಮಾತ್ರೆಗಳು. ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಹೆಂಡತಿಯನ್ನು ಕೇಳಿದೆ. "ನಿಂತು, ಆಮ್ಯಾಲೆ ಕೊಸರಿಕೊಂಡು ಏಳ್ತಾರ್ರೀ" ಅಂದರು. ಎಂಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲವಂತೆ, ನಾನೂ ಸೇರಿ. ನಿದ್ದೆಯ ಪರೀಕ್ಷೆ ಮಾಡಿಸಿ ರಾತ್ರಿ ಹಾಕಿಕೊಳ್ಳುವ ಉಸಿರಿನ ಯಂತ್ರ ಕೊಟ್ಟೆವು, ಕಡಿಮೆಯಿದ್ದ ಥೈರಾಯ್ಡಿಗೆ ಮಾತ್ರೆ ಶುರುವಾಯಿತು. ಸ್ನಾನವನ್ನು ಸಂಜೆಗೆ ಬದಲಿಸಿ, ಬೆಳಗಿನ ಹುರುಪನ್ನು ನಡಿಗೆಗೆ ಇಟ್ಟುಕೊಳ್ಳಲು ಹೇಳಿದೆ.

ಮೂರು ತಿಂಗಳ ಮೇಲೆ ಬಂದರು. ಸುಸ್ತು ಪೂರ್ತಿ ಹೋಗಿಲ್ಲ. ಮಧ್ಯಾಹ್ನ ಒಂದು ಗಂಟೆ ಮಲಗಲೇಬೇಕು. ಆದರೆ ಬೆಳಿಗ್ಗೆ ಪೇಪರ್ ಕೊನೇ ಪುಟದವರೆಗೆ ಓದುತ್ತಾರೆ, ಹೆಂಡತಿ ಅದನ್ನು ನನಗೆ ಎರಡು ಸಲ ಹೇಳಿದರು.