ಗಿಟಾರ್ ಮುರಿದರೆ ಹಾಗೇ ತನ್ನಿ, ಅಂಟಿಸಿ ತರಬೇಡಿ

ಹಳೇ ಗಿಟಾರ್ ಬಿದ್ದು ಕತ್ತು ಮುರಿದಿದ್ದರೆ ರಿಪೇರಿ ಮಾಡುವ ನನಗೇನೂ ಗಾಬರಿಯಿಲ್ಲ. ಮುರಿದ ಜಾಗಕ್ಕೆ ಮನೆಯವರು ಸೂಪರ್ ಗ್ಲೂ ಹಾಕಿ ತಂದಾಗ ಮಾತ್ರ ಸಿಟ್ಟು ಬರುತ್ತದೆ.

ತಂತಿ ಬಿಗಿಯುವ ಕೀಲಿಗಳಿರುವ ತಲೆಯ ಕೆಳಗೆ ಮರ ಉದ್ದಕ್ಕೆ ಸೀಳಿದ್ದರೆ, ಎರಡು ತುಂಡನ್ನೂ ಒತ್ತಿದಾಗ ಎಳೆಗೆ ಎಳೆ ಕೂತುಬಿಡುತ್ತದೆ. ಬಿಸಿ ತೊಗಲಂಟು (ಪ್ರಾಣಿಗಳ ತೊಗಲಿನಿಂದ ಮಾಡುವ ಅಂಟು) ಸವರಿ, ಕ್ಲ್ಯಾಂಪ್ ಬಿಗಿದು, ಒಂದು ದಿನ ಮುಟ್ಟದೆ ಬಿಟ್ಟರೆ ಸಾಕು. ಎಲ್ಲ ಮುರಿತವೂ ಹೀಗೇ ಅನ್ನಲಾರೆ. ಅಡ್ಡಕ್ಕೆ ತುಂಡಾಗಿದ್ದರೆ ಕಷ್ಟ.

ಸೂಪರ್ ಗ್ಲೂ ಹಾಗಲ್ಲ. ಸರಿಯಾಗಿ ಕೂರಿಸುವ ಮೊದಲೇ ಕಚ್ಚಿಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಮುಗೀತು. ಆರು ಸ್ಟೀಲ್ ತಂತಿಗಳ ಎಳೆತ ಸುಮಾರು 70 ಕೆ.ಜಿ. ಅಲ್ವಾ, ಆ ಜೋಡಣೆ ಮತ್ತೆ ಬಾಯಿ ಬಿಡುತ್ತದೆ. ಅಷ್ಟೊತ್ತಿಗೆ ಅಂಟು ಮರದ ಎಳೆಯೊಳಗೆ ಇಳಿದಿರುತ್ತದೆ, ಅದರ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ. ಅಸಿಟೋನ್ ಹಾಕಿ ತೆಗೆಯಿರಿ ಅನ್ನುತ್ತಾರೆ. ತೆಗೆಯಬಹುದು. ಆದರೆ ಹಳೇ ಗಿಟಾರ್‌ಗಳ ಮೇಲಿರುವ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂದರೆ ಹೊಳಪಿನ ಲೇಪ ಕೂಡ ಅಸಿಟೋನಿಗೆ ಕರಗುತ್ತದೆ! ತೊಗಲಂಟಾದರೆ ಬಿಸಿ, ತೇವ ಕೊಟ್ಟರೆ ಬಿಡುತ್ತದೆ. ಮುಂದೆ ಯಾರೇ ರಿಪೇರಿ ಮಾಡಿದರೂ ಬಿಚ್ಚಬಹುದು. ನಾನೂ ಸೂಪರ್ ಗ್ಲೂ ಬಳಸುತ್ತೇನೆ, ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಕೂರಿಸಲು ಒಂದು ಹನಿ. ಭಾರ ಹೊರುವ ಜಾಗಕ್ಕೆ ಮಾತ್ರ ಬೇಡ.

ಫ್ರೇಜರ್ ಟೌನಿನ ಒಬ್ಬ ಅಜ್ಜಿ ಗಂಡನ ಗಿಟಾರ್ ತಂದಿದ್ದರು. ಗಂಡ ಚರ್ಚ್ ಕಾಯರ್‌ಗೆ, ಅಂದರೆ ಹಾಡುವ ತಂಡಕ್ಕೆ ನುಡಿಸುತ್ತಿದ್ದದ್ದು. ಮಹಾಗನಿ ಕತ್ತು, ಸೀಳಿನ ಸುತ್ತ ಅಂಟಿನ ಆವಿಯಿಂದ ಬಿಳಿ ಮಬ್ಬು. "ನನ್ ಮೊಮ್ಮಗ ಇಂಜಿನಿಯರ್ ಕಣಪ್ಪ, ಅವನೇ ಅಂಟಿಸಿದ್ದು" ಅಂದರು, ಹೆಮ್ಮೆಯಿಂದ. ಏನು ಹೇಳಲಿ? ಭೂತಗನ್ನಡಿ ಹಿಡಿದು, ಬ್ಲೇಡ್ ತುದಿಯಲ್ಲಿ ಅಂಟನ್ನು ಚೂರುಚೂರೇ ಕೆರೆದೆ. ಎಳೆಗಳು ಹೋಗಿದ್ದ ಕಡೆ ಎರಡು ತೆಳು ಮರದ ಪಟ್ಟಿ ಕೂರಿಸಬೇಕಾಯಿತು. ಗೆರೆ ಈಗಲೂ ಕಾಣುತ್ತದೆ. ಅಜ್ಜಿಗೆ ಅದರ ಚಿಂತೆಯಿಲ್ಲ, ಆದರೆ ಬಿಲ್ಲಿನಲ್ಲಿ ಅರ್ಧ ಮೊಮ್ಮಗನ ಹತ್ತಿರ ವಸೂಲಿ ಮಾಡಿದರಂತೆ.

ಮುರಿದ ತಕ್ಷಣ ತಂತಿ ಪೂರ್ತಿ ಸಡಿಲಿಸಿ. ಉಗುರಿನಷ್ಟು ಚೂರು ಸಿಕ್ಕರೂ ಕವರಿಗೆ ಹಾಕಿಡಿ. ಒಡೆದ ಜಾಗವನ್ನು ಸುಮ್ನೆ ತೆರೆದು ಮುಚ್ಚಿ ನೋಡಬೇಡಿ, ಪ್ರತಿ ಸಲವೂ ಒಂದಿಷ್ಟು ಎಳೆ ಮುರಿಯುತ್ತದೆ. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ರೇಟ್ ಕೇಳಬೇಡಿ. ಕೈಯಲ್ಲಿ ಹಿಡಿಯದೆ ನಾನು ಹೇಳುವುದಿಲ್ಲ.