ಮೀನಿನ ಹೊಟ್ಟೆಯ ಗಾಳಿ, ದೋಣಿಯಡಿಯ ಗಾಳಿ

ಆಲಮಟ್ಟಿ ಹಿನ್ನೀರಿರಲಿ, ಹಿಡಕಲ್ ಜಲಾಶಯವಿರಲಿ, ಸಣ್ಣ ದೋಣಿಗೆ ಫಿಶ್ ಫೈಂಡರ್ (ನೀರೊಳಗಿನ ಮೀನು, ತಳ ತೋರಿಸುವ ಯಂತ್ರ) ಕೂರಿಸಿದವರ ದೂರು ಒಂದೇ. ದೋಣಿ ನಿಂತಾಗ ತಳ ಚೆನ್ನಾಗಿ ಕಾಣುತ್ತದೆ, ಎಂಜಿನ್ ಏರಿಸಿದೊಡನೆ ಪರದೆ ತುಂಬ ಕಸ, ಇಲ್ಲವೇ ಪೂರಾ ಖಾಲಿ. ‘ಮಷಿನ್ ಹೋತು’ ಎಂದು ಪೆಟ್ಟಿಗೆ ಬಿಚ್ಚಿ ರಿಪೇರಿಗೆ ಒಯ್ಯುತ್ತಾರೆ. ಪೆಟ್ಟಿಗೆಗೆ ಏನೂ ಆಗಿರುವುದಿಲ್ಲ. ತಪ್ಪು ಇರುವುದು ದೋಣಿಯ ಹಿಂಬದಿ ಹಲಗೆಗೆ ತಿರುಪು ಹಾಕಿದ, ನೀರಿಗೆ ಶಬ್ದ ಕಳಿಸಿ ಮರುದನಿ ಕೇಳುವ, ಅಂಗೈಯಗಲದ ಟ್ರಾನ್ಸ್‌ಡ್ಯೂಸರ್‌ನ ಕೆಳಗೆ ನುಗ್ಗಿದ ಗಾಳಿಯಲ್ಲಿ. ತಮಾಷೆಯೆಂದರೆ, ಮೀನು ಪರದೆಯ ಮೇಲೆ ಕಾಣುವುದೂ ಗಾಳಿಯಿಂದಲೇ.

ಬಣ್ಣದ ಪರದೆ ನೋಡಿ ನೀರೊಳಗೆ ಕ್ಯಾಮೆರಾ ಇದೆ ಎಂದುಕೊಳ್ಳುವವರು ಬಹಳ. ಇದು ಕೂಗಿ ಕಿವಿಗೊಡುವ ಯಂತ್ರ, ಅಷ್ಟೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ತಳ 15 ಮೀಟರ್ ಕೆಳಗಿದ್ದರೆ ಕೂಗು ಹೋಗಿ ಮರಳಲು 20 ಮಿಲಿಸೆಕೆಂಡ್. ಆ ಹೊತ್ತನ್ನು ಅಳೆದು ಆಳ ಬರೆಯುತ್ತದೆ.

ಶಬ್ದ ಯಾವುದಕ್ಕೆ ಬಡಿದು ಮರಳುತ್ತದೆ ಎಂಬುದೇ ಇಲ್ಲಿಯ ಸ್ವಾರಸ್ಯ. ಬಾವಿಯ ದಪ್ಪ ಹಗ್ಗಕ್ಕೆ ಅಷ್ಟೇ ದಪ್ಪದ ಇನ್ನೊಂದು ಹಗ್ಗ ಗಂಟುಹಾಕಿ ಒಂದು ತುದಿ ಝಾಡಿಸಿದರೆ, ಎದ್ದ ಅಲೆ ಗಂಟನ್ನು ದಾಟಿ ಮುಂದೆ ಹೋಗುತ್ತದೆ. ಅದೇ ಹಗ್ಗಕ್ಕೆ ಹೊಲಿಗೆ ದಾರ ಕಟ್ಟಿ ಝಾಡಿಸಿ, ಅಲೆ ಗಂಟಿನಿಂದ ನಿಮ್ಮ ಕೈಗೇ ಮರಳುತ್ತದೆ. ನೀರು ದಪ್ಪ ಹಗ್ಗ, ಗಾಳಿ ಹೊಲಿಗೆ ದಾರ. ಸಾಂದ್ರತೆಯನ್ನು ಶಬ್ದವೇಗದಿಂದ ಗುಣಿಸಿದರೆ ಬರುವ ಸಂಖ್ಯೆ ನೀರಿಗೆ 15 ಲಕ್ಷ, ಗಾಳಿಗೆ 400ರ ಆಸುಪಾಸು. ಸುಮಾರು 3600 ಪಟ್ಟು ಅಂತರ! ಹಾಗಾಗಿ ನೀರಿನಿಂದ ಗಾಳಿಯ ಗಡಿಗೆ ಬಂದ ಶಬ್ದದಲ್ಲಿ ಶೇಕಡಾ 99.9ರಷ್ಟು ಪಾಲು ವಾಪಸ್. ಬೆಳಕಿನ ಹೋಲಿಕೆ ಬೇಕೆ? ಬಕೆಟ್ ನೀರಿನಲ್ಲಿ ಗಾಜಿನ ಚೂರು ಕಣ್ಣಿಗೆ ಬೀಳದು, ಆದರೆ ಗುಳ್ಳೆ ಬೆಳ್ಳಿಯಂತೆ ಹೊಳೆಯುತ್ತದೆ. ಶಬ್ದದ ಮಟ್ಟಿಗೆ ಮೀನಿನ ಮಾಂಸ ಆ ಗಾಜಿನ ಚೂರು, ಬಹುಪಾಲು ನೀರೇ. ಹೊಳೆಯುವುದು ಅದರ ಹೊಟ್ಟೆಯೊಳಗಿನ ಗಾಳಿಚೀಲ. ಕಾಟ್ಲಾ, ರೋಹುಗಳಿಗೆ ಅದು ಎರಡು ಕೋಣೆಯದು. ಸಿಗಡಿಗೆ ಅಂಥ ಚೀಲವಿಲ್ಲ, ಅದಕ್ಕೇ ಪರದೆಯ ಮೇಲೆ ಮಂಕು.

‘ಮಷಿನ್ ಸದ್ದಿಗೆ ಮೀನು ಓಡಿಹೋಗ್ತಾವ’ ಎಂಬ ಮಾತೂ ಇದೆ. ಗೆಂಡೆ ಜಾತಿಯ ಮೀನುಗಳಲ್ಲಿ ಇದೇ ಗಾಳಿಚೀಲ ತಮಟೆಯ ಚರ್ಮದಂತೆ ಅದುರಿ, ಸಣ್ಣ ಎಲುಬುಗಳ ಸರಪಳಿಯ ಮೂಲಕ ಕಿವಿಗೆ ಸುದ್ದಿ ಮುಟ್ಟಿಸುತ್ತದೆ. ಜರ್ಮನಿಯ ವೇಬರ್ 1820ರಲ್ಲೇ ಇದನ್ನು ವಿವರಿಸಿದ್ದ. ಆದರೆ ಅವಕ್ಕೆ ಕೇಳುವುದು ಕೆಲವು ಸಾವಿರ ಹರ್ಟ್ಸ್‌ವರೆಗೆ ಮಾತ್ರ. ಯಂತ್ರ ಕೂಗುವುದು 2 ಲಕ್ಷ ಹರ್ಟ್ಸ್‌ನಲ್ಲಿ. ಮೀನನ್ನು ಓಡಿಸುವುದು ದೋಣಿಯ ತಳಕ್ಕೆ ಹುಟ್ಟು ಬಡಿಯುವ ಸದ್ದು. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಬೋರ್‌ವೆಲ್ ಪಾಯಿಂಟ್ ತೋರಿಸುವವರಿಗೆ ಮರುಮಾತಿಲ್ಲದೆ ದುಡ್ಡು ಎಣಿಸುವ ನಮ್ಮ ಜನ, ಅಳೆದು ನೋಡಬಹುದಾದ ಈ ಯಂತ್ರದ ಮೇಲೆ ಮಾತ್ರ ಅನುಮಾನ ಪಡುವುದು ವಿಚಿತ್ರ.

ನೀರಿನಲ್ಲಿ ಶಬ್ದದ ವೇಗದ ಅಳತೆ ಶುರುವಾದದ್ದು ಎರಡು ದೋಣಿಗಳಿಂದ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮದ್ದು ಹೊತ್ತಿಸಿದರು. 13 ಕಿಲೋಮೀಟರ್‌ಗೂ ದೂರದ ಇನ್ನೊಂದು ದೋಣಿಯಲ್ಲಿ ಮದ್ದಿನ ಮಿಂಚು ಕಂಡು, ಗಂಟೆಯ ಸದ್ದನ್ನು ನೀರಿಗಿಳಿಸಿದ ಕೊಳವೆಯಲ್ಲಿ ಕೇಳಿ, ನಡುವಿನ ಸೆಕೆಂಡು ಎಣಿಸಿದರು. ಸಿಕ್ಕಿದ್ದು ಸೆಕೆಂಡಿಗೆ 1435 ಮೀಟರ್, 8 ಡಿಗ್ರಿಯ ತಣ್ಣೀರಿಗೆ ಬಲು ಹತ್ತಿರದ ಲೆಕ್ಕ. 1880ರಲ್ಲಿ ಕ್ಯೂರಿ ಸೋದರರು ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕಂಡರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲಾಂಜೆವಾನ್ ಅದನ್ನು ತಿರುವುಮುರುವು ಮಾಡಿ, ಹರಳಿಗೆ ವಿದ್ಯುತ್ ಕೊಟ್ಟು ಕೂಗಿಸಿ ಜಲಾಂತರ್ಗಾಮಿ ಹುಡುಕಲು ಹೊರಟ. ಜಪಾನಿನ ಫುರುನೊ ಸೋದರರು 1948ರಲ್ಲಿ ಇದನ್ನೇ ಮೀನುಗಾರರ ಕೈಗೆ ಕೊಟ್ಟರು. ನಿಮ್ಮ ದೋಣಿಯ ಹಿಂದಿನ ಪ್ಲಾಸ್ಟಿಕ್ ಬಿಲ್ಲೆಯೊಳಗೆ ಇರುವುದೂ ಅಂಥದೇ ಗುಣದ ಸೆರಾಮಿಕ್ ತುಂಡು.

ಇನ್ನು ಮೀನು ಪರದೆಯ ಮೇಲೆ ಮೂಡಿಸುವ ಕಮಾನು. ದೊಡ್ಡ ಕಮಾನು ಎಂದರೆ ದೊಡ್ಡ ಮೀನು ಎಂಬುದು ಸುಳ್ಳು. 20 ಡಿಗ್ರಿ ಕೋನದ ಶಬ್ದದ ಶಂಕು 15 ಮೀಟರ್ ಆಳದಲ್ಲಿ ಸುಮಾರು 5.3 ಮೀಟರ್ ಅಗಲ. ಮೀನು ಶಂಕುವಿನ ಅಂಚಿನಲ್ಲಿದ್ದಾಗ ದೂರ ತುಸು ಹೆಚ್ಚು, ನಡುವೆ ಬಂದಾಗ ಕಡಿಮೆ, ದಾಟಿ ಹೋಗುವಾಗ ಮತ್ತೆ ಹೆಚ್ಚು, ಅದಕ್ಕೇ ಕಮಾನು. ನಿಂತ ದೋಣಿಯ ಕೆಳಗೆ ಅಲ್ಲಾಡದೆ ನಿಂತ ಗೇಣುದ್ದದ ಮೀನು ಪರದೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆಯುತ್ತದೆ. ಅದನ್ನು ಮೊಸಳೆ ಎಂದು ಓದಿಕೊಳ್ಳಬೇಡಿ!

ಕೂರಿಸುವ ಕೆಲಸ ಹೀಗೆ. ಮೊದಲು ಡ್ರಿಲ್ ಮುಟ್ಟದೆ ಎಂಜಿನ್ ಹಾಕಿ ದೋಣಿ ಓಡಿಸಿ, ಒಬ್ಬರು ಹಿಂಬದಿ ಹಲಗೆಯ ಕೆಳಗಿನ ನೀರು ನೋಡಲಿ. ನೊರೆಯಿಲ್ಲದೆ ಗಾಜಿನಂತೆ ಹರಿಯುವ ಪಟ್ಟಿ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ. ತಳದಲ್ಲಿ ರಿವೆಟ್ ಸಾಲು, ಉಬ್ಬು ಪಟ್ಟಿ ಇದ್ದರೆ ಅವುಗಳ ನೇರ ಹಿಂದೆ ಬೇಡ, ಅವೇ ಗುಳ್ಳೆ ಹುಟ್ಟಿಸುತ್ತವೆ. ಪ್ರೊಪೆಲ್ಲರ್‌ನಿಂದ ಕನಿಷ್ಠ 38 ಸೆಂಟಿಮೀಟರ್ ದೂರವಿರಲಿ. ಹಿಂದಿನಿಂದ ನೋಡಿದಾಗ ಅದು ಗಡಿಯಾರದ ದಿಕ್ಕಿಗೆ ತಿರುಗಿದರೆ ಬಲಬದಿ ಒಳ್ಳೆಯದು. ಅಲ್ಲಿ ರೆಕ್ಕೆ ಕೆಳಗಿಳಿಯುತ್ತದೆ. ಎಡದಲ್ಲಿ ಮೇಲೇಳುತ್ತ ನೊರೆಯನ್ನೂ ಎತ್ತಿ ತರುತ್ತದೆ.

ಎತ್ತರದ ವಿಷಯದಲ್ಲಿ ಜಿಪುಣರಾಗಿ. ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರ್ ಮುಖ ತಳಮಟ್ಟಕ್ಕಿಂತ 3 ಮಿಲಿಮೀಟರ್ ಕೆಳಗೆ, ಅಲ್ಯೂಮಿನಿಯಂ ದೋಣಿಯಲ್ಲಿ 10 ಮಿಲಿಮೀಟರ್. ಹಿಂದಿನ ಅಂಚು ಮುಂದಿನದಕ್ಕಿಂತ 1ರಿಂದ 3 ಮಿಲಿಮೀಟರ್ ತಗ್ಗಿರಬೇಕು, ಆಗ ನೀರು ಮುಖವನ್ನು ಒತ್ತಿಕೊಂಡೇ ಹರಿಯುತ್ತದೆ. ಮುಂದಿನ ಅಂಚು ತಗ್ಗಿದರೆ ಮುಖದಡಿ ಗಾಳಿ ಎಳೆದುಕೊಳ್ಳುತ್ತದೆ. ಓಟದಲ್ಲಿ ತಳ ಮಾಯವಾದರೆ 3 ಮಿಲಿಮೀಟರ್ ಇಳಿಸಿ, ಮತ್ತೆ ಓಡಿಸಿ ನೋಡಿ. ಹಿಂದೆ ಹುಂಜದ ಬಾಲದಂತೆ ನೀರು ಚಿಮ್ಮಿದರೆ ಇಳಿಸಿದ್ದು ಅತಿಯಾಯಿತು.

ಹೀಗೆ ಹಲವು ಸಲ ಬಿಚ್ಚಿ ಹಾಕುವುದು ಇದ್ದೇ ಇರುವುದರಿಂದ ದೋಣಿಯ ಹಲಗೆಗೆ ನೇರ ತೂತು ಕೊರೆಯುವುದು ದಡ್ಡತನ. 12 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆಯೊಂದನ್ನು ಒಮ್ಮೆ ಭದ್ರವಾಗಿ ಕೂರಿಸಿ, ಎಷ್ಟು ತೂತು ಬೇಕಾದರೂ ಅದಕ್ಕೆ ಕೊರೆಯಿರಿ. ತಿರುಪು ಸ್ಟೇನ್‌ಲೆಸ್ ಸ್ಟೀಲಿನದು. ದೋಣಿಗೆ ಬೀಳುವ ಪ್ರತಿ ತೂತಿಗೂ ಪಾಲಿಯುರೆಥೇನ್ ಸೀಲೆಂಟ್ ತುಂಬಿ, ಇಲ್ಲವಾದರೆ ಒಳಗಿನ ಪ್ಲೈವುಡ್ ಸದ್ದಿಲ್ಲದೆ ಕೊಳೆಯುತ್ತದೆ. ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ, ಎಂಜಿನ್ ವೈರಿನ ಜೊತೆ ಕಟ್ಟಲೂ ಬೇಡಿ, ಪರದೆಯ ಮೇಲೆ ಮಳೆ ಸುರಿದಂತೆ ಗೆರೆ ಬೀಳುತ್ತವೆ. 12 ವೋಲ್ಟಿನ ಪ್ರತ್ಯೇಕ ಬ್ಯಾಟರಿ ಸಾಕು. ಅರ್ಧ ಆಂಪಿಯರ್ ಎಳೆಯುವ ಸಣ್ಣ ಸೆಟ್ಟು 7 ಆಂಪಿಯರ್-ಅವರ್ ಬ್ಯಾಟರಿಯ ಅರ್ಧದಲ್ಲೇ 7 ತಾಸು ನಡೆಯುತ್ತದೆ.

ಹೊಸ ಟ್ರಾನ್ಸ್‌ಡ್ಯೂಸರ್ ಮುಖದ ಮೇಲೆ ಎಣ್ಣೆಯ ಪಸೆ ಇದ್ದರೆ ಗುಳ್ಳೆ ಅಂಟಿಕೊಳ್ಳುತ್ತವೆ, ಪಾತ್ರೆ ಸೋಪಿನಿಂದ ತೊಳೆಯಿರಿ. ಖಂಡೇನವಮಿಗೆ ಎಂಜಿನ್ ಪೂಜೆ ಧಾರಾಳವಾಗಿ ಆಗಲಿ, ಈ ಮುಖಕ್ಕೆ ಮಾತ್ರ ಎಣ್ಣೆ-ಕುಂಕುಮ ಬೇಡ. ಅದರ ಮುಂದೆ ನಿಂಬೆಹಣ್ಣು-ಮೆಣಸಿನಕಾಯಿ ಸರ ಇಳಿಬಿಟ್ಟರೆ ದೃಷ್ಟಿ ತಾಗುವುದು ಯಂತ್ರಕ್ಕೇ.

ಫೈಬರ್ ಒಂದೇ ಗಟ್ಟಿ ಪದರವಾಗಿದ್ದರೆ ಹೊರಗೆ ತೂತೇ ಬೇಡ, ದೋಣಿಯೊಳಗೆ ತಳಕ್ಕೆ ನಿಧಾನ ಒಣಗುವ ಎಪಾಕ್ಸಿಯಿಂದ ಅಂಟಿಸಬಹುದು. ಎಪಾಕ್ಸಿಯನ್ನು ಮಜ್ಜಿಗೆ ಕಡೆದಂತೆ ಕಡೆಯಬೇಡಿ, ಗುಳ್ಳೆ ಸೇರುತ್ತವೆ. ಮೆಲ್ಲಗೆ ಕಲಸಿ, ಬಿಲ್ಲೆಯನ್ನು ತಿರುವುತ್ತ ಒತ್ತಿ, 24 ತಾಸು ಮುಟ್ಟಬೇಡಿ. ಅಂಟಿಸುವ ಮೊದಲು ನೀರು ತುಂಬಿದ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಟ್ರಾನ್ಸ್‌ಡ್ಯೂಸರ್ ಇಟ್ಟು ಅದೇ ಜಾಗದಲ್ಲಿ ಕೂರಿಸಿ ನೋಡಿ, ತಳ ಕಾಣದಿದ್ದರೆ ಅಂಟಿಸಿಯೂ ಕಾಣದು. ಮರ, ಫೋಮ್ ಇರುವ ತಳಕ್ಕೆ ಈ ಉಪಾಯ ನಡೆಯದು, ಅವುಗಳೊಳಗೆ ಗಾಳಿಯೇ ಗಾಳಿ.

ಬಿದಿರು ಹೆಣೆದ ಹರಗೋಲಿಗೂ ಅಷ್ಟೇ. ಅದಕ್ಕೆ ಹಿಂಬದಿಯೂ ಇಲ್ಲ, ಮುಂಬದಿಯೂ ಇಲ್ಲ. ಒಂದಿಂಚಿನ ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ಅಂಚಿಗೆ ಕ್ಲಾಂಪ್ ಹಾಕಿ, ಮುಖ ನೀರಿನೊಳಗೆ ಒಂದು ಗೇಣು ಇಳಿಯುವಂತೆ ನಿಲ್ಲಿಸಿ. ಪೈಪಿಗೆ ತೂಕದ ಗುಂಡು ಹಿಡಿದು ನೋಡಿ. 10 ಡಿಗ್ರಿ ವಾಲಿದರೆ 20 ಮೀಟರ್ ಆಳದ ಮೀನು ನೀವು ಅಂದುಕೊಂಡ ಜಾಗದಿಂದ 3.5 ಮೀಟರ್ ಆಚೆ ಇರುತ್ತದೆ, ಬಲೆ ಬೀಳುವುದು ಈಚೆ. ಮುಳುಗಡೆ ಹಳ್ಳಿಗಳ ಗೋಡೆ, ಜಾಲಿ ಬೊಡ್ಡೆಗಳಿರುವ ಕಡೆ ಪೈಪನ್ನು ಎತ್ತಿಕೊಂಡೇ ಸಾಗಿ.

ಕಡೆಗೆ ಪರೀಕ್ಷೆ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಕೇಳುವುದು ಗೋಡೆ ಗಟ್ಟಿಯಿರುವುದರಿಂದ. ನದಿಯ ತಳವೂ ಹಾಗೆಯೇ. ಎರೆ ಮಣ್ಣಿನ ಕೆಸರು ಶಬ್ದವನ್ನು ನುಂಗುತ್ತದೆ, ಕಲ್ಲಿನ ತಳ ಪುಟಿಸುತ್ತದೆ. ಮರಳಿದ ಕೂಗು ನೀರಿನ ಮೇಲ್ಮೈಗೆ, ಅಂದರೆ ಮತ್ತೆ ಗಾಳಿಗೆ, ಬಡಿದು ಇನ್ನೊಮ್ಮೆ ಕೆಳಗಿಳಿದು ಬರುತ್ತದೆ. ಕಲ್ಲುತಳದ 5 ಮೀಟರ್ ನೀರಿನಲ್ಲಿ ಪರದೆಯ ವ್ಯಾಪ್ತಿಯನ್ನು 15 ಮೀಟರ್‌ಗೆ ಇಟ್ಟು, ಗೇನ್ (ಮರುದನಿಯನ್ನು ಹಿಗ್ಗಿಸುವ ಮಟ್ಟ) ಏರಿಸಿ. 5ಕ್ಕೆ ಒಂದು ತಳ, 10ಕ್ಕೆ ಮಸುಕಾದ ಇನ್ನೊಂದು ತಳ ಕಾಣಬೇಕು. ಈಗ ಎಂಜಿನ್ ಏರಿಸಿ. ಮೊದಲು ಅಳಿಸಿಹೋಗುವುದು ಆ ಎರಡನೇ ಗೆರೆ. ಅದು ಉಳಿದರೆ ತಿರುಪು ಬಿಗಿ ಮಾಡಿ, ಅಳಿದರೆ ಮತ್ತೆ 3 ಮಿಲಿಮೀಟರ್.